ಬಿರುಗಾಳಿ ದಾಟಿಹೋದ ಸಾಲು

ಹದಿನೇಳು ದಿನಗಳಿಂದ ಆ ಮನುಷ್ಯ ‘ಹೂಂ’ ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ಮೊದಲು ಹಾಗಿರಲಿಲ್ಲ. ನೀರು ಸರಬರಾಜು ಕಚೇರಿಯ ವೆಬ್ ಪುಟಗಳನ್ನು ಮಾಡುವವನು ಅವನು. ಒಂದು ಬಟನ್ ಬದಲಾಯಿಸಿದರೂ ದೂರು ವಿಭಾಗಕ್ಕೆ ಓಡಿಬಂದು, ಅಲ್ಲಿ ದೂರು ಬರೆದುಕೊಳ್ಳುವ ಅವಳ ಮೇಜಿಗೆ ಒರಗಿ, “ಸರಿಯಾಗಿ ಓದ್ತಾ ಇದೆಯಾ?” ಎಂದು ಕೇಳುತ್ತಿದ್ದ. ಕಣ್ಣು ಕಾಣದ ಅವಳಿಗೆ ಪರದೆಯ ಮೇಲಿನದನ್ನೆಲ್ಲ ಸ್ಕ್ರೀನ್ ರೀಡರ್ ಓದಿ ಹೇಳಬೇಕು. ಅದರ ನೆಪದಲ್ಲಿ ಅರ್ಧ ಗಂಟೆ ಹರಟೆ. ಅವನು ನಕ್ಕರೆ ಮೇಜೂ ಸಣ್ಣಗೆ ಅಲುಗುತ್ತಿತ್ತು. ಆ ಅಲುಗಾಟಕ್ಕೆ ಅವಳ ಅಂಗೈ ಎಷ್ಟು ಒಗ್ಗಿಹೋಗಿತ್ತೆಂದರೆ, ಈಗ ಮೇಜು ತೆಪ್ಪಗಿದ್ದರೇ ಅವಳಿಗೆ ರೇಗುತ್ತಿತ್ತು.

ಇವತ್ತಂತೂ ಸಿಟ್ಟು ನೆತ್ತಿಗೇರಿತ್ತು. ಅವನು ಬೇರೆ ಶಾಖೆಗೆ ವರ್ಗಾವಣೆ ಕೇಳಿದ್ದಾನಂತೆ. ಸಂಜೆ ಐದಕ್ಕೆ ಸಾಹೇಬರು ಸಹಿ ಹಾಕುತ್ತಾರಂತೆ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

“ಹೋಗ್ಲಿ ಬಿಡಿ, ನನಗೇನು?” ಎಂದಳು ದೊಡ್ಡಮ್ಮನಿಗೆ.

“ನಾನೇನೂ ಕೇಳ್ಲೇ ಇಲ್ವಲ್ಲೇ!”

ದೊಡ್ಡಮ್ಮ ಎಂದರೆ ಕಡತಗಳ ಕೋಣೆಯ ಹಿರಿಯ ಕ್ಲರ್ಕ್. ಅವರ ದೃಷ್ಟಿ ದಿನದಿನಕ್ಕೆ ಮಂಜಾಗುತ್ತಿತ್ತು. ಅದಕ್ಕೇ ಊಟವಾದ ಮೇಲೆ ಅವಳ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಪಾಠ. ಇಬ್ಬರಿಗೂ ಕೇಳಲೆಂದು ಹೆಡ್‌ಫೋನ್ ಕಳಚಿ ಸ್ಪೀಕರ್ ಹಾಕಿದ್ದಳು.

“ಎಚ್ ಒತ್ತಿದ್ರೆ ಮುಂದಿನ ತಲೆಬರಹ. ಬಿ ಒತ್ತಿದ್ರೆ ಬಟನ್. ಇ ಒತ್ತಿದ್ರೆ ಸೀದಾ ಬರೆಯೋ ಜಾಗ. ಮುಗೀತು!”

ಪುಟ ತೆರೆದು ಯಂತ್ರ ಬಾಯಿ ಬಿಡುವಷ್ಟರಲ್ಲಿ ಅವಳ ಬೆರಳು ಅದನ್ನು ದಾಟಿ ದೂರು ಬರೆಯುವ ಜಾಗದಲ್ಲಿರುತ್ತಿತ್ತು. ಕಚೇರಿಯವರು ಅವಳನ್ನು ಸುಮ್ಮಸುಮ್ಮನೆ ಬಿರುಗಾಳಿ ಎನ್ನುತ್ತಿರಲಿಲ್ಲ.

“ಏನು ಮುಗೀತೋ! ನನಗೆ ತಲೆಬುಡ ತಿಳೀಲಿಲ್ಲ. ಹೊಸ ಮನೆಗೆ ಹೋದ್ರೆ ಹೊಸ್ತಿಲಿಂದ ಒಳಗೆ ಹೋಗೋಳು ಕಣೇ ನಾನು. ಕಿಟಕಿಯಿಂದ ಹಾರೋಕೆ ಮಂಡಿ ಬಿಡಲ್ಲ.”

“ಹಾಗಾದ್ರೆ ಸಂಜೆವರೆಗೂ ಹೊಸ್ತಿಲಲ್ಲೇ ಕೂತಿರಿ.”

ದೊಡ್ಡಮ್ಮ ಪುಟದ ಮೇಲ್ತುದಿಗೆ ಹೋಗಿ, ಕೆಳಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತತೊಡಗಿದರು. ಕಚೇರಿಯ ಹೆಸರು. ವಿಭಾಗದ ಹೆಸರು. ಬಿರುಗಾಳಿ ಹಲ್ಲು ಕಚ್ಚಿ ಕೂತಳು.

“ಇದು ನಿಮ್ಮ ಲಾಗಿನ್‌ನಲ್ಲಿ ಮಾತ್ರ ಬರುವ ಸಾಲು,” ಎಂದಿತು ಯಂತ್ರ. “ಎದುರು ನಿಂತು ಹೇಳಲು ಧೈರ್ಯವಿಲ್ಲ. ನೀವೆಂದರೆ ನನಗೆ ತುಂಬಾ ಇಷ್ಟ. ನಿಮಗೂ ಇಷ್ಟವಿದ್ದರೆ ಒಂದು ಮಾತು ಹೇಳಿ. ಇಲ್ಲದಿದ್ದರೆ ಏನೂ ಹೇಳಬೇಡಿ. ಅರ್ಥ ಮಾಡಿಕೊಳ್ಳುತ್ತೇನೆ.”

“ಇದು... ಎಲ್ಲರಿಗೂ ಹೀಗೇ ಹೇಳತ್ತೇನೇ?” ದೊಡ್ಡಮ್ಮ ಮೆಲ್ಲಗೆ ಕೇಳಿದರು.

ಈ ಪುಟಗಳನ್ನು ಮಾಡುವವನು ಒಬ್ಬನೇ. ಏನೂ ಹೇಳಬೇಡಿ ಎಂದಿದ್ದ. ಅವಳು ಏನೂ ಹೇಳಿರಲಿಲ್ಲ. ಹದಿನೇಳು ದಿನ!

ಕೋಲು ಹಿಡಿದು ಎದ್ದಳು. ಅಜ್ಜಿ ಕಥೆಯ ಕೋಟೆಯ ಹಾಗೆ ಕಾರಿಡಾರಿಗೆ ಏಳು ಬಾಗಿಲು. ಕೋಲು ಒಂದೊಂದನ್ನೂ ತಟ್ಟಿ ಎಣಿಸಿತು. ಏಳನೆಯದು ಸಾಹೇಬರದು. ಅದರ ಮುಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಆ ಗಂಟಲು ಅವಳಿಗೆ ಗೊತ್ತಿತ್ತು.

“ನಿಮಗೆ ಬುದ್ಧಿ ಇದೆಯೇನ್ರೀ?”

“ಹೂಂ...”

“ಇನ್ನೊಂದ್ಸಲ ಹೂಂ ಅಂದ್ರೆ ಕೋಲಲ್ಲಿ ಬೀಳತ್ತೆ. ಆ ಸಾಲನ್ನ ಯಾಕೆ ಪುಟದ ಮೇಲ್ತುದಿಗೆ ಹಾಕಿದ್ರಿ?”

“ಎಲ್ಲಕ್ಕಿಂತ ಮೊದಲು ಅದೇ ಕೇಳಿಸ್ಲಿ ಅಂತ.”

“ಮೊದಲನೇದನ್ನ ಯಾರ್ರೀ ಕೇಳ್ತಾರೆ? ದಿನಕ್ಕೆ ಎಂಬತ್ತು ದೂರು ಬರ್ಕೋಬೇಕು ನಾನು. ಇ ಒತ್ತಿ ಕೆಳಗೆ ಹೋಗ್ತಾ ಇರ್ತೀನಿ. ಎರಡು ವರ್ಷ ಪಕ್ಕದಲ್ಲೇ ನಿಂತಿದ್ರಿ. ನನ್ನ ಬೆರಳು ಏನು ಮಾಡತ್ತೆ ಅಂತ ಒಂದು ದಿನಾನೂ ನೋಡ್ಲಿಲ್ವಾ?”

“ನಾನು ಬೆರಳು ನೋಡ್ತಿರಲಿಲ್ಲ.”

“ಮತ್ತೇನು ನೋಡ್ತಿದ್ರಿ?”

ಅವನು ಮತ್ತೆ ಗಂಟಲು ಸರಿಮಾಡಿಕೊಂಡ. ಅದು ಅರ್ಥವಾಗಿ ಅವಳ ಕೆನ್ನೆ ಬಿಸಿಯಾಯಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

“ಈಗಲಾದ್ರೂ... ಕೇಳಿಸ್ಕೊಂಡ್ರಲ್ಲ?” ಎಂದ, ಅಳುಕುತ್ತ.

“ಇಲ್ಲ. ಆ ಯಂತ್ರದ ಗಂಟಲಲ್ಲಿ ಪ್ರೀತಿನೂ ಒಂದೇ, ಪೈಪು ಒಡೆದಿದ್ದೂ ಒಂದೇ. ನೀವು ಹೇಳಿ.”

“ಇಲ್ಲೇನಾ? ಸಾಹೇಬ್ರ ಬಾಗಿಲಲ್ಲೇನಾ?”

“ಅದಕ್ಕೂ ಒಂದು ಅರ್ಜಿ ಕೊಡ್ಲಾ?”

ಅವನು ಹೇಳಿದ. ಮೊದಲ ಸಲ ಪಕ್ಕದ ಕೋಣೆಯ ಪ್ರಿಂಟರಿನ ಸದ್ದು ಅದನ್ನು ನುಂಗಿಹಾಕಿತು. ಎರಡನೇ ಸಲ ಧ್ವನಿ ನಡುವೆಯೇ ಒಡೆಯಿತು. ಮೂರನೇ ಸಲ ಅವನು ಎಷ್ಟು ಹತ್ತಿರ ಬಂದು ಹೇಳಿದನೆಂದರೆ, ಮಾತಿಗಿಂತ ಮೊದಲು ಉಸಿರೇ ಅವಳ ಹಣೆಗೆ ತಾಗಿತು.

“ನನಗೂ,” ಎಂದಳು. ಒಂದೇ ಮಾತು. ಅಷ್ಟು ಹೇಳುವುದಕ್ಕೆ ಹದಿನೇಳು ದಿನ ಹಾಳಾದವಲ್ಲ ಎಂದು ಹೊಟ್ಟೆ ಉರಿಯಿತು. “ಅರ್ಜಿ ಎಲ್ಲಿ?”

“ಒಳಗೆ, ಅವರ ಮೇಜಿನ ಮೇಲೆ.”

“ಹೋಗಿ ವಾಪಸ್ ತಗೊಳ್ಳಿ.”

“ಯಾಕೆ ಅಂತ ಕೇಳಿದ್ರೆ ಏನು ಕಾರಣ ಹೇಳ್ಲಿ?”

ಅವಳು ಕೈ ಚಾಚಿ, ಎರಡು ವರ್ಷದಲ್ಲಿ ಮೊದಲ ಸಲ, ಅವನ ಮೊಣಕೈ ಹಿಡಿದುಕೊಂಡಳು.

“ಹೇಳೋದೇನು? ಕಾರಣಾನೇ ಜೊತೇಲಿ ಕರ್ಕೊಂಡು ಹೋಗಿ.”