ಅರ್ಧಕ್ಕೆ ಬಿಟ್ಟ ಜಡೆ

ಇದು ಎರಡು ಸಾವಿರದ ಮೂರರ ಮಾತು. ಭದ್ರಾವತಿಯಲ್ಲಿ ಹೆರಿಗೆಯಾದ ನನ್ನ ಹೆಂಡತಿ ಪ್ರಿಯದರ್ಶಿನಿಗೆ ನಂಜು ರಕ್ತಕ್ಕೇರಿತು. ಕೂಸನ್ನು ನನ್ನ ತಾಯಿಯ ಕೈಗೆ ಕೊಟ್ಟು, ಅವಳನ್ನು ಶಿವಮೊಗ್ಗದ ಒಂದು ಆಸ್ಪತ್ರೆಗೆ ತಂದೆ.

“ಬಿ.ಪಿ. ನಿಲ್ತಾನೇ ಇಲ್ಲ ವಿಶ್ವಾರಾಧ್ಯ ಅವರೇ,” ಎಂದರು ಡಾಕ್ಟರು. “ಆಂಟಿಬಯೋಟಿಕ್ ಜೊತೆಗೆ ವಿಟಮಿನ್ ಸಿ, ಬಿ ಒನ್ ಡ್ರಿಪ್‌ನಲ್ಲಿ ಕೊಟ್ಟು ನೋಡ್ತೀನಿ. ಭರವಸೆ ಮಾತ್ರ ಕೊಡಕ್ಕಾಗಲ್ಲ.”

ಮರುದಿನ ಮಧ್ಯಾಹ್ನ ನನ್ನನ್ನು ಒಳಗೆ ಬಿಟ್ಟರು. ಡ್ರಿಪ್ ಹನಿಯುತ್ತಿತ್ತು. ಅವಳ ಕೈ ಮುಟ್ಟಿದರೆ ಮಂಜುಗಡ್ಡೆ. ಸ್ಪಿರಿಟ್ ನಾರುವ ಆ ಕೋಣೆಯಲ್ಲಿ ಅವಳ ತಲೆಯ ಹತ್ತಿರ ಮಾತ್ರ, ಬಾಣಂತಿಗೆ ಹಾಕುವ ಸಾಂಬ್ರಾಣಿ ಹೊಗೆಯ ವಾಸನೆ. ಬಲಗಡೆಯ ಕೂದಲು ಗಂಟುಗಂಟಾಗಿ ಬಿದ್ದಿತ್ತು. ಎಡಗಡೆ ಯಾರೋ ನುಣ್ಣಗೆ ಬಾಚಿ, ಶಾಲೆ ಹುಡುಗಿಯರ ಹಾಗೆ ಜಡೆ ಹೆಣೆದಿದ್ದರು.

“ಯಾರು ಸಿಸ್ಟರ್ ತಲೆ ಬಾಚಿದ್ದು?”

“ಐಸಿಯುನಲ್ಲಿ ಯಾರು ಬಾಚ್ತಾರೆ ಸಾರ್? ಬೆಳಿಗ್ಗೆ ಹೀಗಿರ್ಲಿಲ್ಲ,” ಎಂದ ನರ್ಸ್ ನನ್ನ ಮುಖವನ್ನೇ ನೋಡಿದರು.

ಸಂಜೆಗೆ ಬಿ.ಪಿ. ಹದಕ್ಕೆ ಬಂತು. ಅದು ವಿಟಮಿನ್ನಿಂದಲೋ ಬೇರೆ ಔಷಧಿಯಿಂದಲೋ ಡಾಕ್ಟರಿಗೂ ಹೇಳಲಾಗಲಿಲ್ಲ. ಕೆಲವು ದಿನದ ಮೇಲೆ ಮಾತು ಬಂದಾಗ ಪ್ರಿಯದರ್ಶಿನಿ ಮೊದಲು ಕೇಳಿದ್ದು, ತಾನು ಚಿಕ್ಕವಳಿದ್ದಾಗಲೇ ತೀರಿಕೊಂಡ ತಾಯಿಯನ್ನು.

“ಅಮ್ಮ ಎಲ್ರೀ? ಜಡೆ ಹಾಕ್ತಾ ಕೂತಿದ್ಲು. ಪಾಪು ಅಳೋದು ಕೇಳಿಸ್ತು. ‘ಸಾಕು, ಏಳು, ಹೋಗಿ ಎತ್ಕೋ’ ಅಂತ ಅರ್ಧಕ್ಕೇ ಬಿಟ್ಳು.”

ಕೂಸು ಭದ್ರಾವತಿಯಲ್ಲಿತ್ತು. ನಾನು ಅವಳ ತಲೆ ನೇವರಿಸಿ, ಅಷ್ಟು ದಿನ ಹಾಗೇ ಇದ್ದ ಆ ಜಡೆಯನ್ನು ಮೆಲ್ಲಗೆ ಬಿಚ್ಚಿದೆ. ಈಗಷ್ಟೇ ತಲೆಗೆ ನೀರು ಹಾಕಿದ ಹಾಗೆ, ಒಳಗಿನ ಕೂದಲು ಇನ್ನೂ ಒದ್ದೆಯಾಗಿ ಬೆಚ್ಚಗಿತ್ತು.