ಶರಣವ್ವನ ಕೈ ಅಳಿಸಿದವರು ಯಾರು?

"ಐದು ಗಂಟೆಗೆ ನನ್ನ ಹೆಸರು ಪೊಲೀಸ ಠಾಣಿಗೆ ಹೋಗತೈತ್ರಿ, ಬಾಯಾರ," ಎಂದು ಹೇಳಿ ಶರಣವ್ವ ಹೊಸ್ತಿಲ ಹೊರಗೇ ನಿಂತುಬಿಟ್ಟಳು. ಒಳಗೆ ಬಾ ಎಂದರೂ ಬರಲಿಲ್ಲ.

ಮಾಳಮಡ್ಡಿಯ ಆ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದ ಹುಲಗೇಶನಿಗೆ ಇಂಥ ಬೆಳಗುಗಳು ಹೊಸವಲ್ಲ. ಮನೆಯೊಡತಿ ಕರುಣಾ ಬಾಯಾರು ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿ ಅವರಿಗೆ ಆಗಿತ್ತೇ ಹೊರತು ಅವರ ಕಣ್ಣಿಗೆ ಆಗಿರಲಿಲ್ಲ. ಊರಿನ ತಂಟೆಗಳೆಲ್ಲ ಅವರ ಕಟ್ಟೆಗೆ ಬರುತ್ತಿದ್ದವು, ಅವುಗಳ ಬೆನ್ನು ಹತ್ತಿ ತಿರುಗುವ ಸ್ಕೂಟರ್ ಮಾತ್ರ ಹುಲಗೇಶನದು. ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಜೀವಮಾನವಿಡೀ ಜನರ ಮೇಲೆ ರೇಗಿದ ಮನುಷ್ಯ ಆತ. ಗೊಣಗದೆ ಎಲ್ಲಿಗೂ ಹೊರಟವನಲ್ಲ, ಬಾಯಾರನ್ನು ಬಿಟ್ಟು ಹಿಂದೆ ಉಳಿದವನೂ ಅಲ್ಲ.

"ಕೂಡವಾ ಮೊದಲ," ಎಂದರು ಕರುಣಾ. "ಏನಾತು ಹೇಳು."

ಶರಣವ್ವ ಕಮರಿಪೇಟೆಯವಳು, ನಲವತ್ತು ವರ್ಷದಿಂದ ಕಸೂತಿ ಹಾಕುವವಳು. ಗಬ್ಬೂರ ಬೈಪಾಸಿನ ಹತ್ತಿರ ಅಂಬರೀಷ ಎಂಬಾತ ಒಂದು ಕಂಪನಿ ಇಟ್ಟಿದ್ದ. ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಹೆಡ್‌ಸೆಟ್ಟಿನ ಕ್ಯಾಮೆರಾಗಳು ಕೈಬೆರಳ ಒಂದೊಂದು ಗಿಣ್ಣನ್ನೂ ಗುರುತಿಸಿ, ಅದರ ಓಡಾಟವನ್ನು ಹಾಗೆಯೇ ಹಿಡಿದಿಡುವ ಕೆಲಸ ಅಲ್ಲಿನದು. ಮುಂದೆ ಯಾರೇ ಆ ಹೆಡ್‌ಸೆಟ್ ಹಾಕಿಕೊಂಡರೂ ಕಣ್ಣ ಮುಂದೆ ಶರಣವ್ವನ ಕೈ ಕಾಣಬೇಕು, ನೋಡಿ ಕಸೂತಿ ಕಲಿಯಬೇಕು. ಅದಕ್ಕಾಗಿ ನಲವತ್ತು ದಿನ ಅವಳ ಕೈಯನ್ನು ಹಿಡಿದಿಟ್ಟಿದ್ದರು.

"ನಿನ್ನಿ ಮಧ್ಯಾಹ್ನ ಅದನ್ನೆಲ್ಲಾ ಯಾರೋ ಅಳಿಸ್ಯಾರ್ರಿ. ನಾಳಿ ರೊಕ್ಕಾ ಕೊಡೋ ದಿಲ್ಲಿಯವರು ನೋಡಾಕ ಬರ್ತಾರ. ನೀನ ಅಳಿಸೀದಿ, ಮಷಿನ್ಯಾಗ ನಿನ್ನ ಕೈ ಕಂಡೈತಿ ಅಂತ ಸಾಹೇಬ್ರು ಎಲ್ಲಾರ ಮುಂದ ಬೈದ್ರು, ಇವತ್ತ ಐದಕ್ಕ ದೂರು ಕೊಡತೇನಿ ಅಂದ್ರು. ಸಂಘದಾಗ ಇಪ್ಪತ್ತು ಹುಡುಗೇರು ನನ್ನ ಕಡೆ ಕಲೀತಾರ. ಹಾಳ ಮಾಡಿದಾಕಿ ಅಂತ ಹೆಸರು ಬಿದ್ರ ಯಾವ ತಾಯಿ ಕಳಸ್ತಾಳ್ರಿ?"

"ಉಂಡೀಯೇನು?"

"ನಿನ್ನಿ ಶ್ರಾವಣ ಸೋಮವಾರದ ಉಪಾಸ, ಇವತ್ತ ಈ ಸಂಕಟ. ಎಲ್ಲೀ ಊಟಾರಿ?"

ಬಾಯಾರು ಎದ್ದು ಅವಳಿಗೆ ಚಹಾ ಕೊಟ್ಟರು. ಹುಲಗೇಶ ಅವಳ ಹೆಗಲ ಚೀಲ ನೋಡುತ್ತಿದ್ದ. ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಮೇಲೆ ಕಸೂತಿಯ ಗೋಪುರ, ಅದರ ಬಾಗಿಲಲ್ಲಿ ತಿರುಗಿ ನೋಡುವ ಒಂದು ಗಿಣಿ. "ಎಷ್ಟು ವರ್ಷದ್ದವಾ ಇದು?" ಎಂದು ಬಾಯಾರು ಕೇಳಿದರು. "ಹಿರೀಮಗಳು ಹುಟ್ಟಿದಾಗ ಹಾಕಿದ್ದುರಿ, ಆಕಿಗೀಗ ಮೂವತ್ತು," ಎಂದಳು ಶರಣವ್ವ. ಮೂವರಿಗೆ ಸ್ಕೂಟರ್ ಸಾಲದೆ ಬಸ್ ಹಿಡಿದರು; ದಾರಿಯುದ್ದಕ್ಕೂ ಅವಳ ಹೆಬ್ಬೆರಳು ಅದೇ ಕೈಯ ಬೆರಳುಗಳ ಗೆರೆಗಳ ಮೇಲೆ ಓಡಾಡುತ್ತಲೇ ಇತ್ತು. ಎಳೆ ಎಣಿಸಿ ಎಣಿಸಿ ಬಂದ ಚಾಳಿ.

ಕಂಪನಿಗೆ ತಲುಪುವ ಹೊತ್ತಿಗೆ ಅಲ್ಲಿ ಊಟ ನಡೆದಿತ್ತು. ಅಂಬರೀಷ ಜೋಳದ ರೊಟ್ಟಿಯನ್ನು ಚಾಕು ಹಾಗೂ ಮುಳ್ಳುಚಮಚದಲ್ಲಿ ಕೊಯ್ದು ತಿನ್ನುತ್ತಿದ್ದ. ಹುಲಗೇಶನಿಗೆ ಆ ಕ್ಷಣದಿಂದಲೇ ಅವನು ಆಗಿಬರಲಿಲ್ಲ. ಬಟ್ಟಲಲ್ಲಿ ಬದನೆಕಾಯಿ ಎಣಗಾಯಿ ಇಟ್ಟುಕೊಂಡು ರೊಟ್ಟಿಗೆ ಚಾಕು ಹಾಕುವವನನ್ನು ನಂಬುವುದಾದರೂ ಹೇಗೆ?

"ಮತ್ತ ಬಂದೇನು? ಈಗ ವಕೀಲರನ್ನೂ ಕರ್ಕೊಂಡು ಬಂದಿ," ಎಂದು ಅಂಬರೀಷ ಶರಣವ್ವನ ಮೇಲೆ ಹಾರಿಬಿದ್ದ.

"ವಕೀಲೆ ಅಲ್ಲ. ಬೆರಳು ನೋಡಾಕಿ," ಎಂದರು ಕರುಣಾ. "ಏನ ಸಾಕ್ಷಿ ಐತಿ ತೋರಸ್ರಿ."

"ತೋರಸ್ತೇನಿ. ಮನಷ್ಯಾರು ಸುಳ್ಳ ಹೇಳ್ತಾರ್ರಿ, ಮಷಿನ್ ಹೇಳಂಗಿಲ್ಲ. ಇಲ್ಲಿ ಮಷಿನ್ಯಾಗ ಕಂಡದ್ದ ಖರೇ, ಕಾಣದ್ದು ಇಲ್ಲ. ಅಷ್ಟ."

ಗೋಡೆಯ ಮೇಲೊಂದು ದೊಡ್ಡ ಫೋಟೊ ಇತ್ತು. ಕಸೂತಿ ಕೇಂದ್ರದ ಮುಖ್ಯಸ್ಥೆ ಮಾಯಾ ತನ್ನ ವಿನ್ಯಾಸಕ್ಕೆ ಪ್ರಶಸ್ತಿ ಪಡೆಯುತ್ತಿರುವುದು, ಅವಳ ಸೀರೆಯ ಸೆರಗಿನಲ್ಲಿ ಗೋಪುರ, ಬಾಗಿಲಲ್ಲಿ ಗಿಣಿ. ಹುಲಗೇಶ ಬಾಯಾರ ಕಡೆ ನೋಡಿದ. ಬಾಯಾರು ಆಗಲೇ ನೋಡಿ ಮುಗಿಸಿದ್ದರು. ಫೋಟೊದ ಕೆಳಗೆ ಅದೇ ಮಾಯಾ ಕೂತು ಊಟ ಮಾಡುತ್ತಿದ್ದಳು. ಶರಣವ್ವನನ್ನು ಕಂಪನಿಗೆ ಕರೆತಂದವಳೂ ಅವಳೇ.

"ಹದಿನೆಂಟು ವರ್ಷ ನನ್ನ ಕೈಕೆಳಗ ದುಡದಾಳ್ರಿ," ಎಂದಳು ಮಾಯಾ, ಬೇಸರದಿಂದ. "ಹಿಂಗ ಮಾಡ್ತಾಳಂತ ಅನ್ಕೊಂಡಿರ್ಲಿಲ್ಲ. ಶನಿವಾರ 'ನನ್ನ ಕೈ ಕದ್ದು ಮಷಿನ್ಯಾಗ ತುಂಬಾಕತ್ತೀರಿ' ಅಂತ ಬಾಯಿ ಮಾಡಿದ್ಲು."

"ಅಂದಿದ್ದೆರಿ," ಎಂದಳು ಶರಣವ್ವ. "ಹೆಸರು ಹಾಕ್ರಿ ಅಂತನೂ ಅಂದಿದ್ದೆ. ಅದನ್ಯಾಕ ಬಿಟ್ರಿ?"

ಕೈ ಗುರುತಿಸುವ ತಂತ್ರಾಂಶ ಬರೆದ ದಾನಿಶ ಅವರನ್ನು ಒಳಕೋಣೆಗೆ ಕರೆದೊಯ್ದ. ಪರದೆಯ ಮೇಲೆ ಎಲುಬಿನ ಗೆರೆಗಳಂಥ ಎರಡು ಕೈಗಳು ಮೂಡಿದವು. ಕೆಳಗೆ 'ಶರಣವ್ವ' ಎಂಬ ಹೆಸರು, ನಿನ್ನೆಯ ಒಂದೂ ಇಪ್ಪತ್ತರ ಸಮಯ. ಅಳಿಸಿದ ಗಳಿಗೆಯನ್ನು ಯಂತ್ರ ತಾನಾಗಿಯೇ ಬೇರೆ ದಾಖಲಿಸಿಟ್ಟಿತ್ತು.

ಬಲಗೈ ಎದೆಯ ಮಟ್ಟದಲ್ಲಿ ಸುಮ್ಮನೆ ನಿಂತಿತ್ತು, ಐದೂ ಬೆರಳ ತುದಿಗಳು ಒಂದೆಡೆ ಕೂಡಿಕೊಂಡು. ಎಡಗೈ ಮಾತ್ರ ಮುಂದೆ ಬಂದು, ಉಪ್ಪು ಹಿಡಿಯುವಂತೆ ಹೆಬ್ಬೆರಳು ತೋರುಬೆರಳು ಕೂಡಿಸಿ ಚಿಟಿಕೆ ಹಿಡಿಯಿತು. ಒಮ್ಮೆ, ಎರಡು ಸಲ, ಮೂರು ಸಲ. ಆಮೇಲೆ ತಡೆದು ಮುಷ್ಟಿ ಕಟ್ಟಿತು. ಕೈಗಳು ಮರೆಯಾದವು. ನಲವತ್ತು ದಿನದ ಕೆಲಸ ಅಲ್ಲಿಗೆ ಮುಗಿದಿತ್ತು. ಅದರ ನಕಲು ಇಟ್ಟುಕೊಳ್ಳುವುದು ಈ ವಾರದ ಕೆಲಸವಾಗಿತ್ತಂತೆ.

"ಬಲಗೈ ಯಾಕ ಹಂಗೈತಿ?"

"ಕ್ಯಾಮೆರಾ ಗಡಬಡ ಇರಬೇಕ್ರಿ," ಎಂದ ದಾನಿಶ. "ಒಮ್ಮೊಮ್ಮೆ ಹಂಗ ಆಗತೈತಿ. ಕೈ ಮ್ಯಾಲೆ ಕೈ ಬಂದ್ರಂತೂ ಪೂರಾ ಕಾಣಂಗಿಲ್ಲ." ಹುಲಗೇಶ ಹೆಡ್‌ಸೆಟ್ಟಿನ ಮುಂದೆ ಎರಡೂ ಕೈ ಒಡ್ಡಿದ, ಪರದೆಯಲ್ಲಿ ಎರಡೂ ಮೂಡಿದವು. ಜೋಡಿಸಿ ಮುಗಿದ, ಎರಡೂ ಹೋದವು. ಇಷ್ಟು ಕುರುಡು ಯಂತ್ರದ ಮಾತು ನಂಬಿ ಒಬ್ಬ ಹೆಂಗಸನ್ನು ಠಾಣೆಗೆ ಎಳೆಯುತ್ತಾರಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

"ಇವರು ಕೈ ಹಿಡಿದ್ರೂ 'ಶರಣವ್ವ' ಅಂತ ಬರಿಯಾಕತ್ತೈತಲ್ಲ?" ಎಂದರು ಬಾಯಾರು ಪರದೆ ತೋರಿಸಿ.

"ಇಲ್ಲಿ ಶರಣವ್ವ ಅಮ್ಮನ ಖಾತೆ ಯಾವಾಗ್ಲೂ ತೆರದ ಇರತೈತಿ, ಅದಕ್ಕರಿ. ಆ ಖಾತೇದಾಗ ಯಾರ ಕೈ ತಂದ್ರೂ ಅಮ್ಮನ ಹೆಸರ ಬರತೈತಿ. ಸಾಹೇಬ್ರಿಗೆ ಹೇಳಾಕ ಹೋದ್ರ ಕೇಳ್ಲಿಲ್ಲ." ದಾನಿಶ ದನಿ ತಗ್ಗಿಸಿದ. "ಇನ್ನೊಂದು ಐತ್ರಿ. ಎಲ್ಲಾರಿಗೂ ಬಟನ್ ಒತ್ತಾಕ ಚಿಟಿಕಿ. ಅಮ್ಮ ಎಳಿ ಎಣಿಸುವಾಗ ಹೆಬ್ಬೆರಳು ಬೆರಳಿಗೆ ಹಚ್ತಾರ, ಮಷಿನ್ ಅದನ್ನೂ ಚಿಟಿಕಿ ಅಂತ ತಿಳಕೊಂಡು ಏನೇನೋ ತೆರೀತಿತ್ತು. ಅದಕ್ಕ ಮೊದಲನೇ ದಿನಾನ ಅಮ್ಮನ ಖಾತೇದಾಗ ಚಿಟಿಕಿ ಬಂದ್ ಮಾಡಿ ಮುಷ್ಟಿ ಇಟ್ಟೇನಿ. ಮೂರು ಸಲ ತಪ್ಪಿದ್ರ 'ಮುಷ್ಟಿ ಹಿಡಿಯಿರಿ' ಅಂತ ಕಣ್ಣ ಮುಂದ ಬರದು ತೋರಸತೈತಿ. ಕೇಳದ ಮಾಡೇನಿ, ಸಾಹೇಬ್ರಿಗೆ ಗೊತ್ತಾದ್ರ ಕೆಲಸಾ ಹೋಗತೈತಿ."

"ಯಾರ್ಯಾರಿಗೆ ಗೊತ್ತೈತಿ?"

"ನನಗ, ಅಮ್ಮಗ. ಅಷ್ಟರಿ."

ನಿನ್ನೆ ಒಂದು ಗಂಟೆಗೆ ಅಂಬರೀಷ, ಮಾಯಾ, ದಾನಿಶ ಮೂವರೂ ಊಟಕ್ಕೆ ಕೂತಿದ್ದರು. ನಡುವೆ ಒಬ್ಬೊಬ್ಬರೂ ನಾಲ್ಕೈದು ನಿಮಿಷ ಎದ್ದಿದ್ದರು. ಅಂಬರೀಷ ಫೋನ್ ಬಂತೆಂದು ಗೇಟಿಗೆ, ದಾನಿಶ ನೀರು ತರಲು, ಮಾಯಾ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ತರಲು ಕಾರಿಗೆ. ಶರಣವ್ವ ಉಪವಾಸವೆಂದು ಹೊರಗೆ ಕಟ್ಟೆಯ ಮೇಲೆ ಒಬ್ಬಳೇ ಅಡ್ಡಾಗಿದ್ದಳು. ಅವಳು ಅಲ್ಲಿದ್ದಳೆಂದು ಹೇಳುವವರು ಯಾರೂ ಇರಲಿಲ್ಲ.

"ಹಿಂಡಿ ಛಲೋ ಇತ್ತೇನು?" ಎಂದು ಬಾಯಾರು ದಾನಿಶನನ್ನು ಕೇಳಿದರು.

"ಬರಲೇ ಇಲ್ಲರಿ. ಡಬ್ಬಿ ಮನ್ಯಾಗ ಮರತೇನಿ ಅಂದ್ರು."

ಬಾಯಾರು ತಲೆಯಾಡಿಸಿ ಹುಲಗೇಶನ ಕಡೆ ತಿರುಗಿದರು. "ಗಬ್ಬೂರ ಕ್ರಾಸಿನಾಗ ಗಿರ್ಮಿಟ್ ಸಿಗತೈತಲ್ಲ? ಆರು ಮಂದಿಗೆ ಕಟ್ಟಿಸ್ಕೊಂಡು ಬರ್ರಿ."

"ಈಕಿ ಹೆಸರು ಠಾಣಿಗೆ ಹೊಂಟೈತಿ, ನಿಮಗ ಗಿರ್ಮಿಟ್ ಬೇಕಾತೇನ್ರಿ?" ಎಂದು ಹುಲಗೇಶ ಸಿಡುಕಿದ. ಆದರೂ ಹೋದ.

ನಾಲ್ಕೂವರೆಗೆ ಎಲ್ಲರೂ ದೊಡ್ಡ ಕೋಣೆಯಲ್ಲಿ ಸೇರಿದರು. ಸುದ್ದಿ ಕೇಳಿ ಸಂಘದ ಏಳೆಂಟು ಹೆಂಗಸರೂ ಬಾಗಿಲಲ್ಲಿ ಬಂದು ನಿಂತಿದ್ದರು. ಅವರಲ್ಲಿ ಯಾರೂ ಶರಣವ್ವನ ಪಕ್ಕಕ್ಕೆ ಬರಲಿಲ್ಲ. ಮೇಜಿನ ಮೇಲೆ ದೂರಿನ ಕಾಗದ ಸಿದ್ಧವಾಗಿತ್ತು. ಬಾಯಾರ ಮಾತಿನಂತೆ ದಾನಿಶ ಹೆಡ್‌ಸೆಟ್ಟನ್ನು ಮೇಜಿನ ತುದಿಯಲ್ಲಿ ಎಲ್ಲರ ಕಡೆ ಮುಖ ಮಾಡಿ ಇಟ್ಟು ಪರದೆ ಹಚ್ಚಿದ್ದ.

"ಮೊದಲ ತಿನ್ರಿ," ಎಂದರು ಕರುಣಾ. ಅಂಬರೀಷ ತನ್ನ ಚಮಚ ತರಿಸಿಕೊಂಡ. ಮಾಯಾ ಹಸಿವಿಲ್ಲ ಎಂದಳು, ಮಂಡಕ್ಕಿ ಗಿರ್ಮಿಟ್ಟಿನ ಘಮ ಮೂಗಿಗೆ ಬಡಿದ ಮೇಲೆ ಕೈ ಹಾಕಿದಳು. ನಾಲ್ಕು ತುತ್ತು ಆಗಿರಬೇಕು, ಬಾಯಾರು ಥಟ್ಟನೆ, "ಮಾಯಾ ಬಾಯಿ, ನಿಮ್ಮ ಮುಂದಿನ ಆ ಕಾಗದಾ ಇಲ್ಲೆ ಕೊಡ್ರಿ," ಎಂದರು.

ಮಾಯಾ ಎಡಗೈ ಚಾಚಿ ಕಾಗದ ಎತ್ತಿದಳು.

"ಹಂಗ ನಿಲ್ರಿ. ದಾನಿಶ, ಪರದೆ ನಿಲ್ಲಸು."

ಪರದೆಯ ಮೇಲೆ ಎಲುಬಿನ ಗೆರೆಯ ಎಡಗೈ ಮುಂದೆ ಚಾಚಿತ್ತು. ಬಲಗೈ ಎದೆಯ ಮಟ್ಟದಲ್ಲಿ ಎತ್ತಿ ಹಿಡಿದಿತ್ತು, ಐದೂ ಬೆರಳು ಕೂಡಿಸಿ, ಏನನ್ನೂ ಮುಟ್ಟದಂತೆ. ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು, "ಎಂಜಲಗೈರಿ!" ಎಂದು ಕೂಗಿಬಿಟ್ಟಳು.

"ಹೌದವಾ," ಎಂದರು ಬಾಯಾರು. "ಕ್ಯಾಮೆರಾ ಗಡಬಡ ಅಲ್ಲ ಅದು. ಉಣ್ಣೋದನ್ನ ನಡಕ ಬಿಟ್ಟು ಎದ್ದು ಬಂದ ಕೈ. ಸಣ್ಣೋರಿದ್ದಾಗಿಂದ ನಮ್ಮ ತಾಯಂದಿರು ಬೈದು ಬೈದು ಕಲಿಸಿದ್ದು, ಎಂಜಲಗೈಲೆ ಏನೂ ಮುಟ್ಟಬ್ಯಾಡ ಅಂತ. ಗಾಳ್ಯಾಗ ಕೈ ಆಡ್ಸೋ ಮಷಿನ್ ಮುಂದನೂ ಆ ಕೈ ಹಿಂದ ಉಳದೈತಿ. ಶರಣವ್ವ ನಿನ್ನಿ ಉಪಾಸ ಇದ್ಲು, ಆಕಿ ಕೈ ಎಂಜಲ ಆಗಾಕ ಕಾರಣ ಇಲ್ಲ. ಅಂಬರೀಷಪ್ಪನವರ ಕೈಯೂ ಆಗಂಗಿಲ್ಲ, ಅವರು ರೊಟ್ಟಿನೂ ಚಮಚದಾಗ ತಿಂತಾರ."

"ನಾನು ಮತ್ತ ದಾನಿಶ ಇಬ್ಬರೂ ಕೈಲೆ ಉಂಡ್ವಿ," ಎಂದಳು ಮಾಯಾ. "ಅಂವನ್ಯಾಕ ಬಿಟ್ರಿ?"

"ಬಿಟ್ಟಿಲ್ಲ. ಕಳ್ಳಗೈ ಮೂರು ಸಲ ಚಿಟಿಕಿ ಹಿಡದು ಸೋತು, ಮಷಿನ್ ಹೇಳಿಕೊಟ್ಟ ಮ್ಯಾಲೆ ಮುಷ್ಟಿ ಹಿಡದೈತಿ. ಶರಣವ್ವನ ಖಾತೇದಾಗ ಚಿಟಿಕಿ ನಡಿಯಂಗಿಲ್ಲ, ಆಕಿ ಎಳಿ ಎಣಸ್ತಾಳಂತ ದಾನಿಶನ ಮೊದಲನೇ ದಿನ ಅದನ್ನ ಬಂದ್ ಮಾಡ್ಯಾನ. ಮಾಡಿದಾಂವಗ ಗೊತ್ತು, ನಲವತ್ತು ದಿನ ಮುಷ್ಟಿ ಹಿಡದಾಕಿಗೆ ಗೊತ್ತು. ಅವರಿಬ್ಬರೂ ಮೊದಲನೇ ಸಲಾನ ಮುಷ್ಟಿ ಹಿಡೀತಿದ್ರು. ಉಳದವರು ಯಾರು, ನೀವ ಹೇಳ್ರಿ. ಕಾರಿಗೆ ಹೋಗಿ ಹಿಂಡಿ ಇಲ್ಲದ ಬಂದವರು."

"ನನಗೇನ ಬಂದಿತ್ರಿ ಅಳಸಾಕ?"

ಬಾಯಾರು ಶರಣವ್ವನ ಚೀಲ ತೆಗೆದು ಮೇಜಿನ ಮೇಲೆ, ಫೋಟೊದ ಕೆಳಗೆ ಇಟ್ಟರು. ಎರಡು ಗೋಪುರ, ಎರಡು ಗಿಣಿ. ಚೀಲದ್ದು ಮೂವತ್ತು ವರ್ಷ ಹಳೆಯದು. "ದಾನಿಶ, ಶನಿವಾರ ಈಕಿ ಏನ ಹಾಕಿದ್ಲು?"

"ಇದ ಗೋಪುರಾರಿ. ಮುಂದ ಮಾದರಿ ಇಟ್ಟಿರಲಿಲ್ಲ. ಒಮ್ಮೆನೂ ತಡೀಲಿಲ್ಲ. ಮಾಯಾ ಮೇಡಮ್ಮರಿಗೆ ತೋರಿಸಿ, ನೋಡಿ ಹಾಕೋ ಕೈ ಹಿಂಗ ಓಡಂಗಿಲ್ಲ, ಇದು ಕಟ್ಟಿದಾಕಿ ಕೈ, ದಿಲ್ಲಿಯವರಿಗೆ ಇದನ್ನ ಮೊದಲ ತೋರಸೋಣು ಅಂದಿದ್ದೆ."

ಮಾಯಾ ಎದ್ದು ನಿಂತಳು. ಕೈ ಇನ್ನೂ ಎಂಜಲಾಗಿಯೇ ಇತ್ತು. "ಹೌದು, ಅಳಿಸೇನಿ! ನಾ ಇರದಿದ್ರ ಈ ಗಿಣಿ ಕಮರಿಪೇಟಿ ದಾಟ್ತಿತ್ತೇನು? ಓಡಾಡಿದಾಕಿ ನಾನು, ಇಂಗ್ಲಿಷ್ ಮಾತಾಡಿದಾಕಿ ನಾನು. ಈಕಿ ಏನ ಮಾಡ್ಯಾಳ? ಕೂತು ಹಾಕ್ಯಾಳ."

"ಹಾಕೇನ್ರಿ," ಎಂದಳು ಶರಣವ್ವ. "ಅದನ್ನ ನೀವು ಒಂದ್ ಸಲಾನೂ ಎಲ್ಲೂ ಹೇಳಲಿಲ್ಲ."

ಮಾಯಾ ಬಾಗಿಲಿಗೆ ನಡೆದಳು. ಸಂಘದ ಹೆಂಗಸರು ದಾರಿ ಬಿಟ್ಟರು, ಒಬ್ಬಳೂ ಅವಳ ಮುಖ ನೋಡಲಿಲ್ಲ. ಕಾರು ಗೇಟು ದಾಟಿದ ಸದ್ದು ಕೇಳಿದ ಮೇಲೆ ಅಂಬರೀಷ ದೂರಿನ ಕಾಗದ ಹರಿದು ಜೇಬಿಗೆ ತುರುಕಿಕೊಂಡ. ನಾಳೆ ದಿಲ್ಲಿಯವರು ಬರುವವರಿದ್ದರು, ತೋರಿಸಲು ಅವನ ಬಳಿ ಒಂದು ಕೈಯೂ ಉಳಿದಿರಲಿಲ್ಲ. ಮಧ್ಯಾಹ್ನ ಇದ್ದ ಗಂಟಲು ಈಗ ಎಲ್ಲಿ ಹೋಯಿತೋ. ಹುಲಗೇಶ ಅದನ್ನು ನೋಡಿ ಮನಸಾರೆ ಸಂತೋಷಪಟ್ಟ.

"ಅಮ್ಮಾರ, ನಾಳಿ ಮುಂಜಾನೆ ಬಂದು ಆ ಗೋಪುರ ಒಂದನ್ನರ ಹಾಕಿಕೊಡ್ರಿ. ನಿಮ್ಮ ಹೆಸರಲೇ ತೋರಸ್ತೇವಿ," ಎಂದು ತಗ್ಗಿದ ದನಿಯಲ್ಲಿ ಹೇಳಿ ಅಂಬರೀಷ ಎರಡೂ ಕೈ ಜೋಡಿಸಿದ.

ಹೆಡ್‌ಸೆಟ್ ಇನ್ನೂ ಅವನ ಕಡೆಗೇ ಮುಖ ಮಾಡಿ ಕೂತಿತ್ತು. ಪರದೆಯ ಮೇಲೆ ಅವನ ಎರಡು ಕೈಗಳು ಹತ್ತಿರ ಬಂದವು, ಒಂದಕ್ಕೊಂದು ಕೂಡಿದವು, ಇಲ್ಲದಾದವು. ಶರಣವ್ವ ಖಾಲಿ ಪರದೆಯನ್ನು ನೋಡಿದಳು.

"ನೀವು ಕೈ ಮುಗದದ್ದು ಮಷಿನ್ಯಾಗ ಕಾಣಲಿಲ್ಲರಿ ಸಾಹೇಬ್ರ. ಮಷಿನ್ಯಾಗ ಕಾಣದ್ದು ಇಲ್ಲ ಅಂದವರು ನೀವ. ಬಾಯಿಲೆ ಹೇಳ್ರಿ."

ಅಂಬರೀಷನ ಮುಖ ಕೆಂಪಾಯಿತು. ನೆಲ ನೋಡುತ್ತ, "ಶರಣವ್ವ ಅಳಿಸಿಲ್ಲ. ನಂದ ತಪ್ಪಾತು," ಎಂದ.

ಶರಣವ್ವ ಗೋಪುರದ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ತಿರುಗಿ, "ಹಿಂದಿನವರಿಗೆ ಕೇಳಿಸ್ತೇನ್ರೆವಾ?" ಎಂದು ಕೇಳಿದಳು.

"ಇಲ್ಲಬೇ!" ಎಂದರು ಹೆಂಗಸರು ಒಟ್ಟಿಗೆ.