ಚೆಲ್ಲಬಾರದಿದ್ದ ನೀರು

ವರ್ನಾ ಪಾಸ್ಟಿಗಳ ಅಂಚು ಹೆಣೆಯುತ್ತಿದ್ದಳು. ಮಾಂಸ, ಆಲೂಗಡ್ಡೆಯ ಹೂರಣದ ಮೇಲೆ ಹಿಟ್ಟಿನ ಹಾಳೆ ಮಗುಚಿ, ಹೆಬ್ಬೆರಳಿನಿಂದ ಒತ್ತುತ್ತ ಜಡೆಯಂತೆ ಮಡಿಚಿಕೊಂಡು ಹೋಗುವ ಕೆಲಸ. ಕೈಗೆ ರೂಢಿಯಿದ್ದುದರಿಂದ ಬಾಯಿ ಬಿಡುವಾಗಿತ್ತು. ಮೇಜಿನ ಆಚೆ ಅಕ್ಕನ ಮಗಳು ಮ್ಯಾರಿಟ್ ಕುರ್ಚಿಯ ಮೇಲೆ ಮಂಡಿ ಮಡಿಚಿ ಕೂತಿದ್ದಳು. ಮರುದಿನ ಎಂಟನೇ ತರಗತಿಯ ವಿಜ್ಞಾನದ ಕೊನೆಯ ಪರೀಕ್ಷೆ.

"ಶಿಲೆಗಳಲ್ಲಿ ಎಷ್ಟು ವಿಧ?"

"ಮೂರು. ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ. ಚಿಕ್ಕಮ್ಮ, ಸುಮ್ನೆ ಯಾಕೆ ಕೇಳ್ತೀಯ? ನನ್ನನ್ನ ಪರೀಕ್ಷೆಗೆ ಕೂರಿಸಲ್ವಲ್ಲ."

"ಕ್ಷಮೆ ಕೇಳಿದ್ರೆ ಕೂರಿಸ್ತಾರೆ."

"ಕೇಳಲ್ಲ."

ವರ್ನಾ ಮ್ಯಾರಿಟ್ ಓದುವ ಶಾಲೆಯ ಆಫೀಸಿನಲ್ಲೇ ಕೆಲಸಕ್ಕಿದ್ದಳು. ಪರೀಕ್ಷೆಗೆ ಮುಂಚಿನ ದಿನ ಮಕ್ಕಳೇ ಪ್ರಯೋಗಗಳನ್ನು ಜೋಡಿಸಿಟ್ಟು, ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತ ವರ್ಷದ ಪಾಠವನ್ನೆಲ್ಲ ತಿರುವಿಹಾಕುವುದು ಅಲ್ಲಿನ ಪದ್ಧತಿ. ಅಂದು ಬೆಳಗ್ಗೆ ಮ್ಯಾರಿಟ್ ಅಗಲವಾದ ಗಾಜಿನ ಜಾಡಿಯಲ್ಲಿ ಐಸು ತೇಲಿಬಿಟ್ಟು, ಹಿಂದೆ ಕೂತವರಿಗೂ ಕಾಣಲೆಂದು ನೀಲಿ ಬಣ್ಣ ಬೆರೆಸಿದ ನೀರನ್ನು ಬಾಯಿಯ ಅಂಚಿನವರೆಗೂ ತುಂಬಿದ್ದಳು. ಐಸು ಕರಗಿದರೆ ನೀರು ಚೆಲ್ಲುತ್ತದೆಯೇ ಎಂಬುದು ಅವಳ ಪ್ರಶ್ನೆ. ಊಟದ ಗಂಟೆ ಹೊಡೆದಾಗ ವಿಜ್ಞಾನದ ಮೇಷ್ಟ್ರು ಟ್ರೂಡೆಲ್ ಕೋಣೆಗೆ ಬೀಗ ಹಾಕಿ ಮಕ್ಕಳ ಜೊತೆಗೇ ಊಟದ ಕೋಣೆಗೆ ಹೋದರು. ಬಂದು ಬೀಗ ತೆಗೆದರೆ ಮೇಜಿನ ತುಂಬ ನೀಲಿ ನೀರು. ಪಕ್ಕದಲ್ಲಿದ್ದ ಹೊಸ ಪ್ರೊಜೆಕ್ಟರ್ ಸುಟ್ಟು ವಾಸನೆ ಬರುತ್ತಿತ್ತು. ಊರಿನವರು ಚಳಿಗಾಲವಿಡೀ ಅಗ್ನಿಶಾಮಕ ಠಾಣೆಯಲ್ಲಿ ಪ್ಯಾನ್‌ಕೇಕ್ ಮಾರಿ ಕೊಡಿಸಿದ್ದ ಪ್ರೊಜೆಕ್ಟರ್ ಅದು.

ಬೀಗ ಹಾಕಿದ ಕೋಣೆಗೆ ಯಾರೂ ಹೋಗಿಲ್ಲ, ಅಂದಮೇಲೆ ಐಸು ಕರಗಿ ನೀರು ಉಕ್ಕಿದೆ, ತುಂಬಿಟ್ಟವಳದೇ ತಪ್ಪು ಎಂದು ಪ್ರಿನ್ಸಿಪಾಲ್ ಕರ್ಟಿಸ್ ಹಾಲ್ವರ್ಸನ್ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟರು. ಇಡೀ ಶಾಲೆಯ ಮುಂದೆ ಕ್ಷಮೆ ಕೇಳಬೇಕು, ಇಲ್ಲವಾದರೆ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆ ತಪ್ಪಿದರೆ ಬೇಸಿಗೆಯಲ್ಲಿ ದೊಡ್ಡ ಸರೋವರದ ಸಂಶೋಧನಾ ಹಡಗಿನಲ್ಲಿ ಮ್ಯಾರಿಟ್‌ಗೆ ಸಿಕ್ಕಿದ್ದ ಜಾಗವೂ ತಪ್ಪುತ್ತಿತ್ತು. ಆರನೇ ತರಗತಿಯಿಂದ ಆ ಹುಡುಗಿ ಅದೊಂದನ್ನೇ ಕನಸಿಕೊಂಡು ಬಂದಿದ್ದಳು.

"ಒಂದು ಮಾತು ಹೇಳಿಬಿಟ್ರೆ ಮುಗೀತು," ಎಂದಳು ವರ್ನಾ. "ಬಾಯಿ ಸವೆಯುತ್ತಾ?"

"ನೀನು ದಿನಾ ಹೇಳ್ತೀಯಲ್ಲ, ನಿಂದು ಸವೆದಿಲ್ವಾ?"

ವರ್ನಾಳ ಹೆಬ್ಬೆರಳು ಹಿಟ್ಟಿನಲ್ಲಿ ನಿಂತುಬಿಟ್ಟಿತು. ಸ್ಟಾಫ್ ರೂಮಿನಲ್ಲಿ ಪಾಪ್ ಎನ್ನುವ ಸಿಹಿ ಸೋಡಾದ ಡಬ್ಬಿಗಳ ಮೆಷಿನ್ ತಂಪು ಮಾಡುವುದನ್ನು ಬಿಟ್ಟು ವಾರವಾಗಿತ್ತು. ಬೆಚ್ಚಗಿನ ಪಾಪ್ ಗಂಟಲಲ್ಲಿ ಇಳಿಯುವುದಿಲ್ಲವೆಂದು ಹಾಲ್ವರ್ಸನ್ ಬೆಳಗ್ಗೆ ಅವಳ ಮೇಲೆಯೇ ರೇಗಿದ್ದರು. ಅವಳು 'ಸಾರಿ' ಎಂದಿದ್ದಳು. ಅವರು ಮರೆತ ಮೀಟಿಂಗುಗಳಿಗೆ ಫೋನಿನಲ್ಲಿ 'ತಪ್ಪು ನನ್ನದೇ' ಎನ್ನುವವಳೂ ಅವಳೇ. ಮಧ್ಯಾಹ್ನ ಅವರು ಊಟ ಮುಗಿಸಿದ ಮೇಜಿನ ಮೇಲಿನ ದುಂಡು ಕಲೆ ಒರೆಸಿ ಬಟ್ಟೆ ಮಡಿಚುತ್ತಿದ್ದಾಗಲೇ ವಿಜ್ಞಾನದ ಕೋಣೆಯಿಂದ ಟ್ರೂಡೆಲ್ ಕೂಗು ಕೇಳಿಸಿದ್ದು.

ಅಷ್ಟರಲ್ಲಿ ಹಿಂಬಾಗಿಲು ತಳ್ಳಿಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಲೆಂಪಿ ಟೀಚರ್ ಬಂದರು. ಪಕ್ಕದ ಮನೆಯವರು, ಗುರುವಾರ ಸಂಜೆ ಇವರ ಹಿತ್ತಲ ಸೌನಾದ ಬಿಸಿಗೆ ಮೈಯೊಡ್ಡಲು ಬರುವವರು. ಊರಿನ ಅರ್ಧ ಜನಕ್ಕೆ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ, ಊರಿನ ಕಳೆದುಹೋದ ವಸ್ತು, ಬಿಡಿಸಲಾಗದ ಜಗಳವೆಲ್ಲ ಅವರ ಬಾಗಿಲಿಗೇ ಬರುತ್ತಿತ್ತು. ಚರ್ಚಿನ ಕಾಫಿ ಪಾತ್ರೆಯ ಕಳ್ಳನನ್ನು ಹಿಡಿದದ್ದೂ ಅವರೇ. ಆಗಲೂ ಪಕ್ಕದಲ್ಲಿ ವರ್ನಾ ಇದ್ದಳು.

ಕತೆಯನ್ನೆಲ್ಲ ಕೇಳಿ ಅವರು ಕೂತುಕೊಂಡರು.

"ನೆಲ ಒರೆಸಿದ್ದು ಯಾರು, ವರ್ನಾ?"

"ನಾನೇ, ಮಾಪ್ ತಗೊಂಡು. ಜವಾನ ಆರ್ವೊ ಊಟದ ಹೊತ್ತೆಲ್ಲ ಮೈದಾನದಲ್ಲಿ ಹುಲ್ಲು ಕತ್ತರಿಸ್ತಿದ್ದ. ಮೆಷಿನ್ ಸದ್ದಿಗೆ ಫೋನೇ ಕೇಳಿಸ್ತಿರಲಿಲ್ಲ."

"ಜಾಡಿ?"

"ಎತ್ಕೊಂಡು ಹೋಗಿ ಸಿಂಕಿಗೆ ಸುರಿದೆ."

"ದಾರೀಲಿ ಚೆಲ್ಲಿತಾ?"

"ಒಂದು ಹನಿಯೂ ಇಲ್ಲ. ಐಸು ಇನ್ನೂ ತೇಲ್ತಾನೇ ಇತ್ತು."

"ಐಸಿನ ತುಂಡು ನೆಲದ ಮೇಲೆ ಬಿದ್ದಿತ್ತಾ?"

"ಇಲ್ಲ. ಇದ್ದಿದ್ರೆ ನಾನೇ ಜಾರಿ ಬೀಳ್ತಿದ್ದೆ."

ಲೆಂಪಿ ಟೀಚರ್ ಅವಳ ಮಧ್ಯಾಹ್ನದ ಪ್ರತಿಯೊಂದು ಕೆಲಸವನ್ನೂ ಒಂದೊಂದಾಗಿ ಹೇಳಿಸಿಕೊಂಡರು. ಒಗೆಯಲೆಂದು ತಂದಿದ್ದ ಆಫೀಸಿನ ಬಟ್ಟೆಯನ್ನು ಚೀಲದಿಂದ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಒಗೀಬೇಡ. ನಾಳೆ ತಗೊಂಡು ಬಾ. ತರೋದು ಬಿಡೋದು ನಿಂಗೆ ಬಿಟ್ಟಿದ್ದು." ಆಮೇಲೆ ಮ್ಯಾರಿಟ್ ಕಡೆಗೆ ತಿರುಗಿದರು. "ನೀನು ಓದ್ಕೋ."

ಮರುದಿನ ಬೆಳಗ್ಗೆ, ಪರೀಕ್ಷೆಗೆ ಇನ್ನೂ ಹೊತ್ತಿರುವಾಗಲೇ, ಲೆಂಪಿ ಟೀಚರ್ ಕರೆಸಿದಂತೆ ವಿಜ್ಞಾನದ ಕೋಣೆಯಲ್ಲಿ ಹಾಲ್ವರ್ಸನ್, ಟ್ರೂಡೆಲ್, ಆರ್ವೊ ಸೇರಿದರು. ಆ ಕೋಣೆಯ ಬೀಗದ ಕೈ ಇದ್ದುದು ಆ ಮೂವರ ಬಳಿಯೇ. ಮ್ಯಾರಿಟ್ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ಅಳಬಹುದೆಂದು ವರ್ನಾ ಅಂದುಕೊಂಡಿದ್ದಳು, ಆದರೆ ಹುಡುಗಿಯ ಗಲ್ಲ ಮೇಲಕ್ಕೆತ್ತಿಕೊಂಡೇ ಇತ್ತು.

"ಟೀಚರ್, ಇದೆಲ್ಲ ಬೇಕಿತ್ತಾ?" ಎಂದರು ಹಾಲ್ವರ್ಸನ್. "ಹುಡುಗಿ ಒಂದು ಕ್ಷಮೆ ಕೇಳಿದ್ರೆ ಆಗಿತ್ತು."

"ಕೂತ್ಕೋ ಕರ್ಟಿಸ್. ಎಂಟನೇ ಕ್ಲಾಸಲ್ಲಿ ನೀನು ತಪ್ಪು ಬರೆದ ಪ್ರಶ್ನೆ ಇದು. ಇವತ್ತು ಇನ್ನೊಂದ್ಸಲ ನೋಡು."

ಜಾಡಿಯಲ್ಲಿ ಐಸು ತೇಲುತ್ತಿತ್ತು, ನೀಲಿ ನೀರು ಅಂಚು ಮುಟ್ಟಿತ್ತು. ವಿವರಿಸು ಎಂದು ಅವರು ಮ್ಯಾರಿಟ್‌ಗೆ ಸನ್ನೆ ಮಾಡಿದರು.

"ಐಸು ತೇಲುವಾಗಲೇ ತನ್ನ ತೂಕದಷ್ಟು ನೀರನ್ನ ಪಕ್ಕಕ್ಕೆ ತಳ್ಳಿರತ್ತೆ," ಎಂದಳು ಮ್ಯಾರಿಟ್. "ಕರಗಿದಾಗ ಅಷ್ಟೇ ನೀರಾಗಿ ಆ ಜಾಗ ತುಂಬತ್ತೆ. ಮಟ್ಟ ಏರಲ್ಲ. ನಿನ್ನೆಯೂ ಇದನ್ನೇ ಹೇಳಿದೆ."

"ಇರಲಿ, ಉಕ್ಕಿತು ಅಂತಲೇ ಇಟ್ಕೊಳ್ಳೋಣ," ಎಂದರು ಲೆಂಪಿ ಟೀಚರ್. "ಉಕ್ಕಿದ ಪಾತ್ರೆ ಉಕ್ಕಿದ ಮೇಲೂ ತುಂಬಿಯೇ ಇರತ್ತೆ. ಆದ್ರೆ ವರ್ನಾ ಆ ಜಾಡೀನ ಒಂದು ಹನಿ ಚೆಲ್ಲದ ಹಾಗೆ ಸಿಂಕಿಗೆ ಒಯ್ದಳು. ಅಂದ್ರೆ ನೀರು ಇಳಿದಿತ್ತು. ಯಾರಾದ್ರೂ ತಳ್ಳಿ ಚೆಲ್ಲಿದ್ರೆ ಮೇಲಿದ್ದ ಐಸೂ ಉರುಳ್ತಿತ್ತು, ಉರುಳಿರಲಿಲ್ಲ. ಹಾಗಾದ್ರೆ ಯಾರೋ ಏನನ್ನೋ ಒಳಗೆ ಮುಳುಗಿಸಿ, ಆಮೇಲೆ ತೆಗೆದಿದಾರೆ."

ಅವರು ಕೈಚೀಲದಿಂದ ಪಾಪ್ ಡಬ್ಬಿಯೊಂದನ್ನು ತೆಗೆದು ಐಸಿನ ನಡುವೆ ಒತ್ತಿ ಹಿಡಿದರು. ನೀಲಿ ನೀರು ಅಂಚು ದಾಟಿ ಮೇಜಿನ ಮೇಲೆ ಹರಿದು, ನಿನ್ನೆ ಪ್ರೊಜೆಕ್ಟರ್ ಇದ್ದ ಜಾಗಕ್ಕೇ ಹೋಗಿ ನಿಂತಿತು. ಡಬ್ಬಿ ಹೊರಕ್ಕೆ ತೆಗೆದಾಗ ಜಾಡಿಯ ನೀರು ಕೆಳಕ್ಕಿಳಿದಿತ್ತು, ಐಸು ಒಳಗೇ ತೇಲುತ್ತಿತ್ತು.

ಆರ್ವೊ ಮೆಲ್ಲಗೆ ನಕ್ಕ. ಚಳಿಗಾಲದಲ್ಲಿ ಬಾಗಿಲಾಚೆಯ ಹಿಮದ ಗುಡ್ಡೆಗೆ ಡಬ್ಬಿ ಚುಚ್ಚಿಟ್ಟು ತಣ್ಣಗೆ ಮಾಡಿಕೊಳ್ಳದವರು ಆ ಊರಲ್ಲಿ ಯಾರೂ ಇರಲಿಲ್ಲ. ಜೂನ್ ಬಂದ ಮೇಲೂ ಕೈ ತಣ್ಣಗಿನ ಜಾಗ ಹುಡುಕುತ್ತಲೇ ಇರುತ್ತದೆ.

"ಮೆಷಿನ್ ಕೆಟ್ಟಿದೆ, ಪಾಪ್ ಬಿಸಿ," ಎಂದರು ಟೀಚರ್. "ಟ್ರೂಡೆಲ್ ಮಕ್ಕಳ ಜೊತೆ ಊಟದಲ್ಲಿದ್ದ. ಆರ್ವೊನ ಹುಲ್ಲಿನ ಮೆಷಿನ್ ನಿಂತೇ ಇರಲಿಲ್ಲ. ಉಳಿದದ್ದು ಒಂದೇ ಬೀಗದ ಕೈ."

"ಇದೆಲ್ಲ ಊಹೆ," ಎಂದರು ಹಾಲ್ವರ್ಸನ್. ಅವರ ಕತ್ತು ಕೆಂಪಾಗಿತ್ತು.

"ಊಹೆ ಹೌದೋ ಅಲ್ವೋ ವರ್ನಾ ಹೇಳ್ತಾಳೆ. ಹೇಳೋದಾದ್ರೆ."

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಹಾಲ್ವರ್ಸನ್ ಅವಳನ್ನು ನೋಡಿದ ರೀತಿ ಅವಳಿಗೆ ಗೊತ್ತಿದ್ದದ್ದೇ. ಫೋನ್ ಬಂದಾಗ, ನೀನೇ ಏನಾದರೂ ಹೇಳಿ ಮುಗಿಸು ಎನ್ನುವ ನೋಟ. 'ಸಾರಿ' ಎಂಬ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂತು. ವರ್ನಾ ಅದನ್ನು ನುಂಗಿಕೊಂಡು, ಚೀಲದಿಂದ ಹಳದಿ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದಳು. ಅದರ ನಡುವೆ ನೀಲಿ ಕಲೆಯಿತ್ತು.

"ಇದು ಆಫೀಸಿನ ಬಟ್ಟೆ. ಈ ಕೋಣೆಗೆ ಬಂದೇ ಇಲ್ಲ. ನಿಮ್ಮ ಮೇಜಿನ ಮೇಲೆ ಡಬ್ಬಿ ತಳದಷ್ಟು ದುಂಡಗೆ ಕಲೆ ಇತ್ತು, ಸರ್. ಇಂಕು ಅಂದ್ಕೊಂಡು ಒರೆಸಿದೆ. ಟ್ರೂಡೆಲ್ ಬೀಗ ತೆಗೆಯೋ ಮುಂಚೇನೇ ಒರೆಸಿದ್ದು."

ಬೀಗ ತೆಗೆಯುವ ಮೊದಲೇ ಈ ಕೋಣೆಯ ನೀಲಿ ಆ ಮೇಜಿಗೆ ಹೋಗಿತ್ತು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸ್ವಲ್ಪ ಚೆಲ್ಲಿದ್ದು ಕಂಡಿತ್ತು, ಪ್ರೊಜೆಕ್ಟರ್‌ವರೆಗೆ ಹೋಗುತ್ತದೆಂದು ಅಂದುಕೊಳ್ಳಲಿಲ್ಲ, ಆಮೇಲೆ ಹೇಳಲು ಬಾಯಿ ಬರಲಿಲ್ಲ ಎಂದು ಹಾಲ್ವರ್ಸನ್ ಗೋಡೆಯ ಕಡೆ ನೋಡುತ್ತ ಹೇಳಿದರು.

"ಗೋಡೆಗಲ್ಲ ಕರ್ಟಿಸ್, ಹುಡುಗಿಗೆ ಹೇಳು," ಎಂದರು ಲೆಂಪಿ ಟೀಚರ್.

ಅವರು ಹೇಳಿದರು. ಮ್ಯಾರಿಟ್ 'ಪರವಾಗಿಲ್ಲ' ಎನ್ನಲಿಲ್ಲ. "ಇಡೀ ಶಾಲೆ ಮುಂದೆ ಹೇಳ್ಬೇಕು ಅಂದಿದ್ರಿ, ಸರ್," ಎಂದಷ್ಟೇ ಹೇಳಿ ತನ್ನ ಬೆಂಚಿಗೆ ಹೋಗಿ ಪೆನ್ಸಿಲ್ ಕೆತ್ತಿಕೊಂಡಳು. ಪ್ರಾರ್ಥನೆಯ ಹಾಗೆ ತಲೆ ತಗ್ಗಿಸಿಕೊಂಡು ಹಾಲ್ವರ್ಸನ್ ಮೈಕಿನಲ್ಲಿ ಹೇಳಿದ ಕ್ಷಮೆಯ ಮಾತು ಆ ಬೆಳಗ್ಗೆ ಎಲ್ಲ ತರಗತಿಗಳಲ್ಲೂ ಕೇಳಿಸಿತು.

ಪರೀಕ್ಷೆ ಶುರುವಾಯಿತು. ಆಫೀಸಿನಲ್ಲಿ ವರ್ನಾ ಹಳದಿ ಬಟ್ಟೆಯನ್ನು ಮಡಿಚಿ ಡ್ರಾಯರಿಗೆ ಹಾಕುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ನಿನ್ನೆ ಸಂಜೆ ಪ್ರಿನ್ಸಿಪಾಲರಿಗಾಗಿ ಕಾದು ಕಾದು ಹಿಂತಿರುಗಿದ್ದ ತಾಯಿಯೊಬ್ಬರದೇ ಇರಬೇಕು. ಒಳಗಿನ ಕೋಣೆಯಿಂದ ಹಾಲ್ವರ್ಸನ್ ದನಿ ಬಂತು. ಅಷ್ಟೆಲ್ಲ ಆದ ಮೇಲೂ ಅದು ಎಂದಿನ ದನಿಯೇ.

"ವರ್ನಾ, ನಂಗೆ ಹೇಳೋಕೆ ನೀವೇ ಮರೆತಿರಿ ಅಂದುಬಿಡಿ."

ಅವಳು ರಿಸೀವರಿನ ಮೇಲೆ ಕೈಯಿಟ್ಟಳು. ಹೊರಗೆ ಆರ್ವೊ ಹುಲ್ಲಿನ ಮೆಷಿನ್ ಚಾಲೂ ಮಾಡುತ್ತಿದ್ದ. ಇನ್ನೊಂದು ಸಲ ಹೊಡೆದುಕೊಳ್ಳಲಿ ಎಂದು ಬಿಟ್ಟಳು. ಆ ಒಂದು ರಿಂಗಿನ ಹೊತ್ತಿನಲ್ಲಿ, ಏನು ಹೇಳಬೇಕು, ಏನನ್ನು ಇನ್ನು ಯಾವತ್ತೂ ಹೇಳಬಾರದು ಎಂಬುದು ಅವಳಿಗೆ ತೀರ್ಮಾನವಾಗಿಹೋಗಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು ರಿಸೀವರ್ ಎತ್ತಿದಳು.